ಹುಬ್ಬಳ್ಳಿ–ಮಂಗಳೂರು: ನಕ್ಷೆಯ ಅಂತರವೂ ಪ್ರಯಾಣದ ಅವಧಿಯೂ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 266 ಕಿ.ಮೀ. ಪ್ರಾದೇಶಿಕ ಮಾರ್ಗಗಳಲ್ಲಿ ಹಾರುವ ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆದ್ದರಿಂದ ಇದು ಅರ್ಧ ಗಂಟೆಯ ಹಾದಿ ಎಂದು ಲೆಕ್ಕ ಹಾಕುವವರಿದ್ದಾರೆ. ಈ ಲೆಕ್ಕ ಪ್ರಯಾಣಿಕರ ದಾರಿ ತಪ್ಪಿಸುತ್ತದೆ.

ಆ ವೇಗ ವಿಮಾನವು ಎತ್ತರಕ್ಕೇರಿ ಸಮಗತಿಗೆ ಬಂದ ಮೇಲಿನದು. ಇಷ್ಟು ಕಡಿಮೆ ಅಂತರದಲ್ಲಿ ಏರುವುದು ಮತ್ತು ಇಳಿಯುವುದರಲ್ಲಿಯೇ ಬಹುಪಾಲು ಸಮಯ ಕಳೆಯುತ್ತದೆ. ಮೇಲಾಗಿ ಈ ಮಾರ್ಗ ಹೆಚ್ಚುಕಡಿಮೆ ನೇರ ಉತ್ತರ–ದಕ್ಷಿಣವಾಗಿದ್ದರೆ, ಎರಡೂ ಕಡೆಯ ರನ್‌ವೇಗಳು ಸ್ಥೂಲವಾಗಿ ಪೂರ್ವ–ಪಶ್ಚಿಮವಾಗಿರುವುದರಿಂದ ಹೊರಡುವಾಗಲೂ ಇಳಿಯುವಾಗಲೂ ವಿಮಾನ ತಿರುಗಿಕೊಳ್ಳಲೇಬೇಕು. ಗುಡ್ಡದ ನೆತ್ತಿಯ ಮೇಲಿರುವ ಮಂಗಳೂರಿನ ರನ್‌ವೇ ಮುಂಗಾರಿನ ಮೋಡದಲ್ಲಿ ಮರೆಯಾದರೆ ಮೇಲೆಯೇ ಸುತ್ತು ಹಾಕಿ ಕಾಯಬೇಕಾದೀತು. ಹೀಗಾಗಿ ವೇಳಾಪಟ್ಟಿಯಲ್ಲಿ ಇಂಥ ಅಂತರಕ್ಕೆ ಒಂದು ಗಂಟೆಯ ಆಸುಪಾಸು ಇಡುವುದು ರೂಢಿ, ಮತ್ತು ಅದು ಸರಿಯೇ.

ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಲೆಕ್ಕ. ನೇರ ವಿಮಾನ ಸಿಗದವರು ಬೆಂಗಳೂರಿನ ಮೂಲಕ ಹೋದರೆ, ಮೊದಲು ಆಗ್ನೇಯಕ್ಕೆ ಸುಮಾರು 370 ಕಿ.ಮೀ., ಅಲ್ಲಿಂದ ಪಶ್ಚಿಮಕ್ಕೆ ಸುಮಾರು 306 ಕಿ.ಮೀ., ಒಟ್ಟು 676 ಕಿ.ಮೀ. ಹಾರಬೇಕಾಗುತ್ತದೆ. ಇದು ನೇರ ಅಂತರದ ಎರಡೂವರೆ ಪಟ್ಟು. ಎರಡು ಹಾರಾಟಗಳ ನಡುವೆ ಕಾಯುವ ಹೊತ್ತನ್ನೂ ಸೇರಿಸಿದರೆ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾದ ಮೇಲೆ ಕರಾವಳಿ ಹಿಡಿದು 350 ಕಿ.ಮೀ.ಗೂ ಹೆಚ್ಚು ದೂರ ಸಾಗುವ ರಾತ್ರಿ ಬಸ್ಸಿಗಿಂತ ವಿಮಾನ ಎಷ್ಟು ಬೇಗ ಎಂಬ ಪ್ರಶ್ನೆ ಏಳುತ್ತದೆ. ಚಿಕಿತ್ಸೆಗಾಗಿ ಮಂಗಳೂರು, ಮಣಿಪಾಲಗಳಿಗೆ ಹೋಗುವ ಧಾರವಾಡ, ಗದಗ, ಹಾವೇರಿಯ ಕುಟುಂಬಗಳಿಗೆ ಇದು ಬರಿಯ ಅನುಕೂಲದ ಮಾತಲ್ಲ. ಘಟ್ಟದ ತಿರುವುಗಳಲ್ಲಿ ರೋಗಿಯನ್ನು ಕೂರಿಸಿಕೊಂಡು ಹೋದವರಿಗೆ ಅದರ ಕಷ್ಟ ಗೊತ್ತು.

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸಲು ಸರ್ಕಾರದ ನೆರವಿನೊಂದಿಗೆ 2016ರಲ್ಲಿ ರೂಪುಗೊಂಡ ಕೇಂದ್ರದ ಉಡಾನ್ ಯೋಜನೆ ಸುಮಾರು 500 ಕಿ.ಮೀ.ಗಳ ಒಂದು ಗಂಟೆಯ ಹಾರಾಟವನ್ನು ಅಳತೆಗೋಲಾಗಿ ಇಟ್ಟುಕೊಂಡು, ನಿಗದಿತ ಸೀಟುಗಳಿಗೆ 2,500 ರೂಪಾಯಿಯ ದರಮಿತಿ ಹಾಕಿತ್ತು. ಸಾರ್ವಜನಿಕ ಹಣದ ನೆರವು ಹೀಗೆ ಅಂತರದ ಮೇಲೆ ನಿಂತಿರುವಾಗ, ಆ ಮಾರ್ಗದಿಂದ ಪ್ರಯಾಣಿಕರಿಗೆ ಮನೆಯಿಂದ ಮನೆಗೆ ಎಷ್ಟು ಗಂಟೆ ಉಳಿಯುತ್ತದೆ ಎಂಬುದನ್ನೂ ತೂಗಿ ನೋಡಬೇಕಿತ್ತೆಂದು ನನ್ನ ಅನಿಸಿಕೆ. ಆ ಅಳತೆಯಿಂದ ನೋಡಿದರೆ, ರೈಲಿನಲ್ಲಿ ಸಲೀಸಾಗಿ ತಲುಪಬಹುದಾದ ಊರುಗಳಿಗಿಂತ, ಸಹ್ಯಾದ್ರಿ ಅಡ್ಡ ನಿಂತಿರುವ ಹುಬ್ಬಳ್ಳಿ–ಮಂಗಳೂರಿನಂಥ ಜೋಡಿಗೆ ಆದ್ಯತೆ ಸಿಗುತ್ತದೆ.

ಹೊಸ ವಿಮಾನ ಸೇವೆಯ ಸುದ್ದಿ ಪ್ರಕಟಿಸುವಾಗ ನೇರ ಅಂತರದ ಜೊತೆಗೆ ವೇಳಾಪಟ್ಟಿಯ ಅವಧಿ, ನಿಲ್ದಾಣ ತಲುಪಲು ಬೇಕಾಗುವ ಸಮಯ, ಸೇವೆ ವಾರದಲ್ಲಿ ಯಾವ ದಿನಗಳಂದು ಇದೆ ಎಂಬುದನ್ನೂ ತಮ್ಮ ಪತ್ರಿಕೆ ತಿಳಿಸಬೇಕೆಂದು ವಿನಂತಿಸುತ್ತೇನೆ. ನೇರ ಹಾರಾಟಕ್ಕಾಗಿ ಒತ್ತಾಯಿಸುವ ಜನಪ್ರತಿನಿಧಿಗಳೂ ವಾಣಿಜ್ಯ ಸಂಘಗಳೂ ತಮ್ಮ ಮನವಿಗಳಲ್ಲಿ ಅರ್ಧ ಗಂಟೆಯ ಮಾತನ್ನು ಬಿಟ್ಟು, 266 ಮತ್ತು 676 ಕಿ.ಮೀ.ಗಳ ಈ ವ್ಯತ್ಯಾಸವನ್ನೇ ಮುಂದಿಡಲಿ.

ಇತಿ,
ಓರ್ವ ಓದುಗ, ಧಾರವಾಡ