ಮೊದಲು ನಕ್ಕವರು ಹಿಂದಿನ ಸಾಲಿನವರು

ಪ್ರಿಯ ಗೆಳೆಯನಿಗೆ,

ಮೊನ್ನೆ ಫೋನಿನಲ್ಲಿ ನೀನು ‘ಸು ಫ್ರಮ್ ಸೋ’ ಬಗ್ಗೆ ಕೇಳಿದಾಗ ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಜಾರಿಕೊಂಡೆ. ನಿಮ್ಮ ಕರಾವಳಿ ಕಡೆಯ ಸಿನಿಮಾಕ್ಕೆ ಅಷ್ಟೇ ಹೇಳಿದ್ದು ನ್ಯಾಯವಲ್ಲವೆನಿಸಿ ಈಗ ಬರೆಯುತ್ತಿದ್ದೇನೆ.

2025ರ ಜುಲೈ 25ರಂದು ಅದು ತೆರೆಕಂಡಾಗ, ದೊಡ್ಡ ನಾಯಕನಿಲ್ಲದ ಚಿತ್ರವೆಂದು ನಾನು ಅತ್ತ ತಲೆಯನ್ನೇ ಹಾಕಿರಲಿಲ್ಲ. ನೋಡಿ ಬಂದವರೆಲ್ಲ ಹೇಳಿ ಹೇಳಿ, ಟಿಕೆಟ್ ಸಿಗುವುದೇ ಕಷ್ಟವಾದ ಮೇಲೆ ನನಗೂ ಹಟ ಬಂತು. ಹುಡುಗಿಯೊಬ್ಬಳನ್ನು ಕದ್ದು ನೋಡಲು ಹೋದ ಅಶೋಕ, ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನಂತೆ ಆಡುತ್ತಾನೆ. ಬಂದವಳು ಸೋಮೇಶ್ವರದ ಸುಲೋಚನಾ ಎಂದು ಊರು ನಂಬುತ್ತದೆ. ನನ್ನ ಹಿಂದಿನ ಸಾಲಿನಲ್ಲಿ ತಮ್ಮತಮ್ಮಲ್ಲೇ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದ ನಾಲ್ಕೈದು ಹುಡುಗರಿದ್ದರು. ಪ್ರತಿ ಮಾತಿಗೂ ನಗು ಅಲ್ಲಿ ಹುಟ್ಟಿ, ನಮ್ಮ ತಲೆಯ ಮೇಲೆ ಹಾದು, ಅರೆಕ್ಷಣ ತಡವಾಗಿ ಮುಂದಿನ ಸಾಲುಗಳಿಗೆ ಇಳಿಯುತ್ತಿತ್ತು. ಶನೀಲ್ ಗೌತಮ್ ಅವರ ರವಿಯಣ್ಣ ತೆರೆಗೆ ಬಂದು ನಿಂತರೆ ಸಾಕು, ಮಾತಿಗೆ ಮೊದಲೇ ಆ ಹುಡುಗರು ನಗುತ್ತಿದ್ದರು. ಅಂಥವನೊಬ್ಬ ಅವರ ಊರಿನಲ್ಲಿಯೂ ಇದ್ದಿರಬೇಕು. ಮಧ್ಯಂತರದ ಹೊತ್ತಿಗೆ ನಾನೂ ಅವರ ತಾಳಕ್ಕೆ ಹೊಂದಿಕೊಂಡಿದ್ದೆ. ರಾಜ್ ಬಿ. ಶೆಟ್ಟಿಯವರ ಕರುಣಾಕರ ಗುರೂಜಿಯನ್ನು ಸ್ವಲ್ಪ ಬೇಗ ಕಳುಹಿಸಿಕೊಟ್ಟಿದ್ದರೆ ಒಳ್ಳೆಯದಿತ್ತು, ಆದರೆ ಸುಲೋಚನಾಳ ಮಗಳು ಭಾನುವಿನ ಕಷ್ಟ ಬಿಚ್ಚಿಕೊಂಡಾಗ ಆ ಹಿಂದಿನ ಸಾಲು ಕೂಡ ತೆಪ್ಪಗಾಯಿತು. ನಗಿಸಿದ ಹುಸಿ ದೆವ್ವವೇ ಅವಳಿಗೆ ಆಸರೆಯಾಗುವ ಆ ತಿರುವನ್ನು ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡ್ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಅಕ್ಟೋಬರಿನಲ್ಲಿ ‘ಕಾಂತಾರ: ಅಧ್ಯಾಯ 1’ ನೋಡಿದೆ. ಅರವಿಂದ್ ಕಶ್ಯಪ್ ಸೆರೆಹಿಡಿದ ಕಾಡು ಇನ್ನೂ ಕಣ್ಣಲ್ಲಿದೆ, ಸದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿ ಯಾರು ಮೊದಲು ನಕ್ಕರೆಂದು ಕೇಳಿಸುವಷ್ಟು ಬಿಡುವೇ ಇರಲಿಲ್ಲ.

ಕಳೆದ ಭಾನುವಾರ ಮನೆಯಲ್ಲಿ ಅಪ್ಪನ ಜೊತೆ ‘ತಿಥಿ’ಯನ್ನು ಮತ್ತೆ ನೋಡಿದೆ. ಅಡಿಬರಹ ಓದಿಕೊಂಡು ನೋಡಿ, ನಿಧಾನವಾಯಿತೆಂದು ನೀನು ಹಿಂದೊಮ್ಮೆ ಗೊಣಗಿದ್ದೆಯಲ್ಲ, ಅದೇ. ಈ ಸಲ ಹಿಂದಿನ ಸಾಲಿನ ಹುಡುಗರ ಜಾಗದಲ್ಲಿ ಅಪ್ಪ ಇದ್ದರು. 101 ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈಯುತ್ತಿದ್ದಾಗಲೇ ಅವರ ಹೊಟ್ಟೆ ಕುಣಿಯತೊಡಗಿತ್ತು. ಮಂಡ್ಯ ಸೀಮೆಯ ಹಳ್ಳಿಯವರನ್ನೇ ಹಾಕಿಕೊಂಡು ತೆಗೆದ ಚಿತ್ರವೆಂದು ನಾನು ವಿವರಿಸಹೊರಟರೆ, ‘ಅದನ್ನ ನೀನು ಹೇಳ್ಬೇಕಾ?’ ಎಂದರು. ಜಮೀನು ಮಾರುವ ಆಸೆಗೆ ತಮ್ಮಣ್ಣ ಬದುಕಿರುವ ಅಪ್ಪ ಗಡ್ಡಪ್ಪನನ್ನೇ ಕಾಗದದಲ್ಲಿ ಸಾಯಿಸುವಲ್ಲಿ ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿ, ತಾತ ಹೋದ ಮೇಲೆ ಪೌತಿ ಖಾತೆಗಾಗಿ ತಾವು ಅಲೆದ ಕಥೆಯನ್ನು ಕಾಲು ಗಂಟೆ ಹೇಳಿದರು. ಮುಂದೆ ಗಡ್ಡಪ್ಪ ಬೆಂಕಿಯ ಪಕ್ಕ ಕೂತು ಕುರಿಗಾಹಿಗಳಿಗೆ ತನ್ನ ಸಂಸಾರದ ಕಥೆ ಹೇಳುವಾಗ, ಕೈಯಲ್ಲೇ ಇದ್ದ ರಿಮೋಟನ್ನು ಅವರು ಒತ್ತಲಿಲ್ಲ. ಅಮ್ಮ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಮುಂದಿನ ತಿಂಗಳು ಬಂದಾಗ ಒಂದು ರಾತ್ರಿ ನಮ್ಮಲ್ಲೇ ಉಳಿದುಕೋ. ‘ತಿಥಿ’ಯನ್ನು ಅಡಿಬರಹವಿಲ್ಲದೆ ಹಾಕುತ್ತೇನೆ, ನೀನು ಅಪ್ಪನ ಪಕ್ಕ ಕುಳಿತುಕೊಳ್ಳಬೇಕು.

ನಿನ್ನ ಗೆಳೆಯ