ಅಜ್ಜಿಯ ವಂಕಿ ಉಂಗುರವೇ ಇರಲಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ರಾತ್ರಿಯೇ ನೋಡಿದೆ. ಫೋನ್ ಮಾಡಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿಯ ವಂಕಿ ಉಂಗುರ ನೀನು ಮದುವೆಯಾಗುವ ಹುಡುಗಿಗೆ ಇಷ್ಟ, ನಿನಗೂ ಇಷ್ಟ. ಆದರೆ ನಿಮ್ಮ ಚಿಕ್ಕಪ್ಪ "ನಿಶ್ಚಿತಾರ್ಥಕ್ಕೆ ವಜ್ರ ಬೇಡ್ವಾ? ಅದು ಹಿಂದಿನಿಂದ ಬಂದ ಪದ್ಧತಿ" ಅಂದರೆಂದು ಸಾಲ ಮಾಡಲು ಹೊರಟಿದ್ದೀಯ. ಸ್ವಲ್ಪ ತಡೆ.

ನಮ್ಮ ಅಜ್ಜಿಯರ ಕಾಲದಲ್ಲಿ ಲಗ್ನಪತ್ರಿಕೆ ಓದಿ, ಎರಡೂ ಮನೆಯವರು ತಾಂಬೂಲ ಬದಲಾಯಿಸಿಕೊಂಡರೆ ಮಾತು ಗಟ್ಟಿಯಾಯಿತು ಅಂತ ಅರ್ಥ. ಎಲೆ ಅಡಿಕೆಯೇ ಸಾಕ್ಷಿ. ಹುಡುಗ ಹುಡುಗಿ ಉಂಗುರ ತೊಡಿಸುವುದು ಪಶ್ಚಿಮದಿಂದ ಬಂದದ್ದು. ಅಲ್ಲಿಯಾದರೂ ಶುರುವಿನಲ್ಲೇ ವಜ್ರವಿತ್ತಾ? ಇಲ್ಲ. ರೋಮಿನ ಪ್ಲಿನಿ, ವೆಸೂವಿಯಸ್ ಜ್ವಾಲಾಮುಖಿ ಸಿಡಿದ 79ನೇ ಇಸವಿಯಲ್ಲಿ ತೀರಿಕೊಂಡವನು, ತನ್ನ ಕಾಲದ ವಿಷಯ ಬರೆದಿಟ್ಟಿದ್ದಾನೆ: ಮದುವೆ ಗೊತ್ತಾದ ಹುಡುಗಿಗೆ ಕಳಿಸುತ್ತಿದ್ದುದು ಕಬ್ಬಿಣದ ಉಂಗುರ, ಅದೂ ಕಲ್ಲಿಲ್ಲದ್ದು. ಎಡಗೈಯ ಉಂಗುರ ಬೆರಳಿನಿಂದ ಹೃದಯಕ್ಕೆ ನೇರ ಒಂದು ನರ ಹೋಗುತ್ತದೆ ಎಂಬ ನಂಬಿಕೆಯೂ ರೋಮನ್ನರ ಪುಸ್ತಕಗಳಲ್ಲಿದೆ. ಈಜಿಪ್ಟಿನವರು ಕಂಡುಕೊಂಡಿದ್ದು ಅಂತ ಅವರು ಹೇಳುತ್ತಾರೆ. ನಿಜಕ್ಕೂ ಅಂಥ ಬೇರೆ ನರ ಇಲ್ಲ. ಆದರೂ ಆ ಬೆರಳೇ ಉಳಿದುಕೊಂಡಿತು.

ನನಗೆ ತುಂಬಾ ಹಿಡಿಸಿದ್ದು ಆಮೇಲಿನ ಎರಡು ಬಗೆ. ಒಂದು, ಹದಿನಾರು, ಹದಿನೇಳನೇ ಶತಮಾನದ ಯೂರೋಪಿನ ಗಿಮಲ್ ಉಂಗುರ. ಎರಡು ಮೂರು ಸುತ್ತುಗಳು ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಕೆಲವದರಲ್ಲಿ ಸುತ್ತುಗಳನ್ನು ಕೂಡಿಸಿದರೆ ಎರಡು ಪುಟ್ಟ ಕೈಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ! ಇನ್ನೊಂದು ಇಂಗ್ಲೆಂಡಿನ ಪೋಸಿ ಉಂಗುರ. ಹೊರಗಿನಿಂದ ನೋಡಿದರೆ ಸಾದಾ ಚಿನ್ನದ ಸುತ್ತು. ಒಳಗಡೆ, ಚರ್ಮಕ್ಕೆ ತಾಗುವ ಕಡೆ, ಪ್ರೀತಿಯ ಒಂದು ಸಾಲು ಕೆತ್ತಿರುತ್ತದೆ. ತೊಟ್ಟವಳಿಗೆ ಮಾತ್ರ ಗೊತ್ತು. ಎಷ್ಟು ಚೆಂದ ಅಲ್ವಾ?

ವಜ್ರ ಅಂದಾಗ ಎಲ್ಲರೂ ಹೆಸರಿಸುವುದು 1477ರಲ್ಲಿ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ಬರ್ಗಂಡಿ ಸೀಮೆಯ ಒಡತಿ ಮೇರಿಗೆ ಕೊಟ್ಟ ಉಂಗುರವನ್ನು. ಅವನಿಗೆ ಹದಿನೆಂಟು, ಅವಳಿಗೆ ಇಪ್ಪತ್ತು. ಆಗ ಯೂರೋಪಿಗೆ ವಜ್ರ ಹೋಗುತ್ತಿದ್ದುದೇ ನಮ್ಮ ದೇಶದಿಂದ. ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕಿದ್ದು 1720ರ ದಶಕದಲ್ಲಿ. ಅಲ್ಲಿಯವರೆಗೆ ದಖನ್ನಿನ ನೆಲವೇ ಅದರ ತವರು. ಬಳ್ಳಾರಿ ದಾಟಿದರೆ ಅನಂತಪುರ ಜಿಲ್ಲೆಯಲ್ಲಿ ವಜ್ರಕರೂರು ಅಂತ ಊರಿದೆ, ಹಿಂದೆ ವಿಜಯನಗರದ ಸೀಮೆ. ಮಳೆ ಬಿದ್ದ ಮೇಲೆ ಅಲ್ಲಿನ ಹೊಲಗಳಲ್ಲಿ ಜನ ಇಂದಿಗೂ ಬಗ್ಗಿ ಕಲ್ಲು ಹುಡುಕುತ್ತಾರೆ. ಇಷ್ಟು ಹತ್ತಿರದ ಕಲ್ಲು ಇದು. ಆದರೂ ನಮ್ಮ ಮುತ್ತಜ್ಜಿಯರ ಮಾತು ಗಟ್ಟಿಯಾಗಿದ್ದು ವೀಳ್ಯದೆಲೆಯಿಂದ.

1867ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕಿತು. ಆಮೇಲೆ ರಾಶಿ ರಾಶಿ. ಜಾಸ್ತಿಯಾದ ಮಾಲಿಗೆ ಬೆಲೆ ಉಳಿಯಬೇಕಲ್ಲ, 1888ರಲ್ಲಿ ಡಿ ಬೀರ್ಸ್ ಕಂಪನಿ ಹುಟ್ಟಿ ಗಣಿಗಳನ್ನು ಒಂದೇ ಕೈಗೆ ತಂದಿತು. 1947ರಲ್ಲಿ ಅಮೆರಿಕದ ಜಾಹೀರಾತು ಬರಹಗಾರ್ತಿ ಫ್ರಾನ್ಸಿಸ್ ಗೆರೆಟಿ, ವಜ್ರ ಎಂದೆಂದಿಗೂ ಇರುತ್ತದೆ ಎಂಬ ಅರ್ಥದ ಒಂದು ಸಾಲು ಆ ಕಂಪನಿಗೆ ಬರೆದುಕೊಟ್ಟಳು. ಉಂಗುರಕ್ಕೆ ವಜ್ರವೇ ಬೇಕು ಎಂಬ ಮಾತು ಮನೆ ಮನೆಗೆ ಹೋದದ್ದು ಇಂಥ ಜಾಹೀರಾತುಗಳಿಂದ. ಜಪಾನಿನಲ್ಲಂತೂ 1960ರ ದಶಕದ ಕೊನೆಯವರೆಗೆ ಈ ರೂಢಿ ಹೆಚ್ಚುಕಮ್ಮಿ ಇರಲೇ ಇಲ್ಲ. ಚಿಕ್ಕಪ್ಪ ಹೇಳುವ 'ಹಿಂದಿನಿಂದ' ಇಷ್ಟು ಹತ್ತಿರದ್ದು.

ವಜ್ರ ಇಷ್ಟಪಡುವವರ ಮೇಲೆ ನನಗೇನೂ ಬೇಸರವಿಲ್ಲ. ಅವಳು ಕೇಳಿದ್ದರೆ ನಾನೇ ನಿನ್ನ ಜೊತೆ ಅಂಗಡಿಗೆ ಬರುತ್ತಿದ್ದೆ. ಅವಳು ಕೇಳಿದ್ದು ವಂಕಿಯನ್ನು. ಅಜ್ಜಿಯ ಬೆರಳಲ್ಲಿ ಅಷ್ಟು ವರ್ಷ ಇದ್ದದ್ದನ್ನು. ಅದಕ್ಕಿಂತ ದೊಡ್ಡದು ಯಾವ ಅಂಗಡಿಯಲ್ಲಿದೆ ಹೇಳು.

ಅಕ್ಕಸಾಲಿಗರ ಹತ್ತಿರ ಅಳತೆ ಸರಿ ಮಾಡಿಸು. ಬೆಳಗಿನ ಚಳಿಯಲ್ಲಿ ಅಳತೆ ಕೊಡಬೇಡಿ, ಬೆರಳು ಸಣ್ಣಗಿರುತ್ತದೆ. ಸಂಜೆ ಕರೆದುಕೊಂಡು ಹೋಗು. ಹಾಗೇ ಒಳಗಡೆ ಒಂದು ಪದ ಕೆತ್ತಿಸಲು ಕೇಳು, ಪೋಸಿ ಉಂಗುರದ ಹಾಗೆ. ಪದ ಇಬ್ಬರೂ ಕೂತು ಆರಿಸಿ. ಆದಷ್ಟು ಒತ್ತಕ್ಷರ ಇಲ್ಲದ್ದು ಇರಲಿ, ಒಳಗೆ ಜಾಗ ಕಡಿಮೆ.

ನಿನ್ನ ಗೆಳೆಯ