ಶೇಂಗಾ ಸಿಪ್ಪೆಯೊಂದಿಗೆ ಮರಳಿ ಬಂದ ಪುಸ್ತಕ

ನನ್ನ ಕಾದಂಬರಿಯ ಎರಡನೆಯ ಮುದ್ರಣದ ಪ್ರತಿಗಳು ಕಳೆದ ವಾರ ಚಿತ್ರದುರ್ಗದ ನಮ್ಮ ಮನೆಗೆ ಬಂದವು. ಮೊದಲ ಮುದ್ರಣದ 500 ಪ್ರತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೂವರೆ ವರ್ಷ ಮಂಚದ ಕೆಳಗೇ ಉಳಿದಿದ್ದವು. ಕಸ ಗುಡಿಸುವಾಗಲೆಲ್ಲ ಆ ರಟ್ಟಿನ ಪೆಟ್ಟಿಗೆಗಳನ್ನು ಹೊರಗೆಳೆದು ಮತ್ತೆ ಒಳಗೆ ತಳ್ಳುತ್ತಿದ್ದ ನನ್ನ ಹೆಂಡತಿ ಒಂದು ದಿನವೂ ಅವುಗಳ ಮಾತೆತ್ತಲಿಲ್ಲ, ಅದೇ ನನಗೆ ಹೆಚ್ಚು ಸಂಕೋಚದ ಸಂಗತಿಯಾಗಿತ್ತು. "ಬರ, ಗುಳೆ, ಸಾಲ ಎಲ್ಲ ಬರೆದು ಮುಗಿದಿದೆ, ಈಗ ಯಾರು ಓದುತ್ತಾರೆ" ಎಂದು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದ ಪ್ರಕಾಶಕರೊಬ್ಬರ ಮಾತನ್ನು ನಾನೂ ನಂಬತೊಡಗಿದ್ದೆ. ಆ ಪೆಟ್ಟಿಗೆಗಳನ್ನು ಖಾಲಿ ಮಾಡಿದವರು ನೀವು. ನಿಮಗೆ ಕೃತಜ್ಞತೆ ಹೇಳಲು ಈ ಬರಹ.

ಪುಸ್ತಕದಂಗಡಿಗಳಲ್ಲಿ ಮಾರಾಟವಾದದ್ದು ಬಹಳ ಕಡಿಮೆ. ಚಳ್ಳಕೆರೆ–ಪಾವಗಡ ಮಾರ್ಗದ ಬಸ್ ನಿರ್ವಾಹಕರೊಬ್ಬರು ತಾವು ಓದಿ ಮುಗಿಸಿದ ಪ್ರತಿಯನ್ನು ದಿನವೂ ಬರುವ ಪ್ರಯಾಣಿಕರಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಕೊಟ್ಟರೆಂದು ಆ ಪ್ರಯಾಣಿಕರಲ್ಲಿ ಇಬ್ಬರ ಪತ್ರಗಳಿಂದ ತಿಳಿಯಿತು. ಮೊಳಕಾಲ್ಮುರಿನ ರೇಷ್ಮೆ ನೇಕಾರರ ಮನೆಯೊಂದರಲ್ಲಿ ಮಗ್ಗ ನಿಲ್ಲಿಸಿದ ಹೊತ್ತಿನಲ್ಲಿ ಹಿರಿಯ ಮಗಳು ಗಟ್ಟಿಯಾಗಿ ಓದಿ ಉಳಿದವರು ಕೇಳಿದರಂತೆ. ಜಗಳೂರು ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ನಾನೇ ಕೊಟ್ಟಿದ್ದ ಪ್ರತಿ ಎಂಟು ತಿಂಗಳಾದರೂ ಹಿಂದಿರುಗದಿದ್ದಾಗ ಅಲ್ಲಿನ ಮೇಲ್ವಿಚಾರಕರು ಬೇಸರದಿಂದ ಫೋನ್ ಮಾಡಿದ್ದರು. ಅಂಥ ಬೇಸರ ನನಗೆ ಎಷ್ಟು ಬೇಕಾದರೂ ಇರಲಿ.

ಆ ಪ್ರತಿ ಕೊನೆಗೆ ಅಂಚೆಯಲ್ಲಿ ನೇರವಾಗಿ ನನ್ನ ಕೈಗೇ ಬಂತು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೆ ಹೊದಿಕೆ ಹಾಕಿದ್ದರು. ಹೊಲಿಗೆ ಬಿಟ್ಟುಹೋದ ಕಡೆ ಬಿಳಿಯ ದಾರದಿಂದ ಮತ್ತೆ ಹೊಲಿದಿದ್ದರು. 112ನೆಯ ಪುಟದ ಮಡಿಕೆಯಲ್ಲಿ ಶೇಂಗಾ ಕಾಳಿನ ಕೆಂಪು ಸಿಪ್ಪೆ ಅಂಟಿಕೊಂಡಿತ್ತು, ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು: "ಮೇಷ್ಟ್ರೇ, ಬಿತ್ತೋ ಕಾಯಿನ ಯಾರೂ ಮಿಷನ್ನಿಗೆ ಹಾಕಲ್ಲ."

ನನ್ನ ಅಧ್ಯಾಯದಲ್ಲಿ ಒಂದು ಕುಟುಂಬ ಬಿತ್ತನೆಗೆ ಎರಡು ದಿನವಿರುವಾಗ ಶೇಂಗಾ ಕಾಯಿಯನ್ನು ಯಂತ್ರಕ್ಕೆ ಕೊಟ್ಟು ಬಿಡಿಸಿಕೊಳ್ಳುತ್ತದೆ. ಎಣ್ಣೆ ಗಿರಣಿಗೆ ಹೋಗುವ ಕಾಯಿಯಾದರೆ ಅದು ಸರಿ. ಬೀಜದ ಕಾಯಿ ಯಂತ್ರಕ್ಕೆ ಬಿದ್ದರೆ ಕಾಳಿನ ಮೇಲಿನ ಸಿಪ್ಪೆ ಸುಲಿದು, ಕೆಲವು ಕಾಳು ಹೋಳಾಗಿ, ಮೊಳಕೆ ಕೈಕೊಡುತ್ತದೆ. ಆದ್ದರಿಂದಲೇ ಮುಂಗಾರಿನ ಮುಂಚೆ ಊರಿನ ಹೆಂಗಸರು ಮಕ್ಕಳೆಲ್ಲ ಜಗಲಿಯಲ್ಲಿ ಕುಳಿತು, ಬೆರಳ ತುದಿ ಹಣ್ಣಾಗುವವರೆಗೆ ಒಂದೊಂದೇ ಕಾಯಿಯನ್ನು ಒತ್ತಿ ಬಿಡಿಸುತ್ತಾರೆ, ಕೂಲಿಯನ್ನು ಅಳತೆಯ ಲೆಕ್ಕದಲ್ಲಿ ಪಡೆಯುತ್ತಾರೆ. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿ, ಅವ್ವ ಹಾಗೆ ಕಾಯಿ ಬಿಡಿಸುತ್ತಿದ್ದುದನ್ನು ನೋಡಿಯೇ ಬೆಳೆದ ನಾನು ಇದನ್ನು ಮರೆತದ್ದಕ್ಕೆ ಸಮಜಾಯಿಷಿ ಇಲ್ಲ. ಬಡತನದ ಬಗ್ಗೆ ಬರೆಯುವವನು ಊಟದ ತಟ್ಟೆ ಖಾಲಿಯಿರುವುದನ್ನು ಮಾತ್ರ ಕಂಡು, ಆ ತಟ್ಟೆಯವರ ಕೈ ದಿನವಿಡೀ ಏನು ಮಾಡುತ್ತಿತ್ತು ಎಂಬುದನ್ನು ಬಿಟ್ಟರೆ ಬರಹ ಪೊಳ್ಳಾಗುತ್ತದೆ. ಎರಡನೆಯ ಮುದ್ರಣದಲ್ಲಿ ಆ ಪುಟವನ್ನು ಪೂರ್ತಿ ಬೇರೆಯಾಗಿ ಬರೆದಿದ್ದೇನೆ. ಪೆನ್ಸಿಲ್ ಹಿಡಿದವರ ಹೆಸರು ನನಗೆ ತಿಳಿದಿಲ್ಲ. ಅವರು ಇದನ್ನು ಓದಿದರೆ ಆ ಪುಟವನ್ನು ಇನ್ನೊಮ್ಮೆ ನೋಡಬೇಕೆಂದು ವಿನಂತಿ.

ಇನ್ನೊಂದು ಪತ್ರವನ್ನು ಓದಿ ಮುಗಿಸಲು ನನಗೆ ಎರಡು ದಿನ ಬೇಕಾಯಿತು. ಕಾದಂಬರಿಯಲ್ಲಿ ಒಬ್ಬ ಮೇಷ್ಟ್ರು ಶಾಲೆಗೆ ಬಾರದ ಹುಡುಗಿಗೂ ಹಾಜರಿ ಹಾಕುತ್ತಾನೆ. ನಮ್ಮ ಕಡೆ ಬಿಸಿಯೂಟ ಬರುವುದಕ್ಕೆ ಮುಂಚೆ ಶಾಲಾ ಮಕ್ಕಳಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಕೊಡುತ್ತಿದ್ದರು, ಅದಕ್ಕೆ ಶೇ. 80ರಷ್ಟು ಹಾಜರಾತಿ ಇರಬೇಕಿತ್ತು. ಬರದ ವರ್ಷಗಳಲ್ಲಿ ಕುರಿ ಕಾಯಲು, ಕೂಲಿಗೆ ಹೋಗುತ್ತಿದ್ದ ಮಕ್ಕಳಿಗೆ ಆ ಶೇ. 80 ಎಲ್ಲಿಂದ ಬರಬೇಕು? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು: "ಆ ಹುಡುಗಿ ನಾನೇ ಅಲ್ಲವಾ ಸಾರ್? ನೀವು ಹಾಜರಿ ಹಾಕ್ತಿದ್ದದ್ದು ನಮ್ಮಪ್ಪನಿಗೆ ಗೊತ್ತಿತ್ತು. ಅದಕ್ಕೇ ಅವರು ಎದುರಿಗೆ ಸಿಕ್ಕಾಗ ನಿಮ್ಮನ್ನು ಮಾತಾಡಿಸ್ತಿರಲಿಲ್ಲ." ಆ ಮನುಷ್ಯನಿಗೆ ನನ್ನ ಮೇಲೆ ಏನೋ ಸಿಟ್ಟಿದೆಯೆಂದು ಇಷ್ಟು ವರ್ಷ ತಿಳಿದಿದ್ದೆ.

ಓದಿ ಅತ್ತೆವೆಂದು ಬರೆದವರೂ ಅನೇಕರಿದ್ದಾರೆ, ಅವರಿಗೆ ನನ್ನ ವಂದನೆಗಳು. ಕಾದಂಬರಿಯ ಅಜ್ಜಿಗೆ ತಲುಪಿಸಿ ಎಂದು ಒಬ್ಬರು ಹಣವನ್ನೇ ಕಳುಹಿಸಿದ್ದರು. ಅದನ್ನು ಹಿಂದಿರುಗಿಸಿದ್ದೇನೆ, ಆ ಅಜ್ಜಿ ನಮ್ಮೂರಿನ ಮೂವರು ಮುದುಕಿಯರು ಸೇರಿ ಆದವಳು, ಮೂವರೂ ಈಗಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಂದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಕುಟುಂಬದ ಹೆಣ್ಣುಮಗಳೊಬ್ಬರಿಂದ. "ನಿಮ್ಮ ಪುಸ್ತಕದಲ್ಲಿ ಊರು ಬಿಟ್ಟವರು ದಾವಣಗೆರೆ ಬಸ್ ಹತ್ತಿದ ಮೇಲೆ ಏನಾದರು ಸಾರ್? ನಾವು ಇಲ್ಲೇ ಇದ್ದೀವಲ್ಲ" ಎಂದು ಅವರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ವರ್ಣಿಸಿ ನಾನು ಅಧ್ಯಾಯ ಮುಗಿಸಿದ್ದೆ, ಓದುವಾಗ ಅದು ಚೆನ್ನಾಗಿಯೂ ಕೇಳಿಸುತ್ತಿತ್ತು. ಅವರಾದರೋ ನಾಲ್ಕು ಪುಟಗಳ ಪತ್ರದಲ್ಲಿ ಭತ್ತ ನೆನೆಸುವುದರಿಂದ ಹಿಡಿದು, ಉಪ್ಪುನೀರು ಬೆರೆಸಿದ ಅಕ್ಕಿ ಕಾದ ಮರಳಿನಲ್ಲಿ ಅರಳುವವರೆಗೆ ಎಲ್ಲವನ್ನೂ, ಒಲೆಯ ಹೊಗೆಗೆ ಅವರ ತಾಯಿಯ ಕೆಮ್ಮು ಹೆಚ್ಚಾದದ್ದನ್ನೂ ಬರೆದು, ಒಮ್ಮೆ ಬಂದು ನೋಡಿ ಎಂದು ಕರೆದಿದ್ದಾರೆ. ದೀಪಾವಳಿ ಮುಗಿದ ಮೇಲೆ ಬರುತ್ತೇನೆಂದು ಉತ್ತರಿಸಿದ್ದೇನೆ. ಬೆಳಗಿನ ಜಾವವೇ ಬರಬೇಕಂತೆ, ಬಿಸಿಲೇರಿದ ಮೇಲೆ ಹೊಸಬರು ಒಲೆಯ ಮುಂದೆ ನಿಲ್ಲಲಾರರಂತೆ. ಪುಸ್ತಕ ಮಾತ್ರ ತರಬೇಡಿ, ನಮ್ಮ ಓಣಿಯಲ್ಲಿ ಆಗಲೇ ಮೂರು ಪ್ರತಿ ಓಡಾಡುತ್ತಿವೆ ಎಂದಿದ್ದಾರೆ.